ಊಟದ ಮೇಜಿಗಾಗಿ ಒಂದು ಮಹಾಯುದ್ಧ

ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಕಪ್ಪಾನ ತಲೆ ಹಾರಿತು. ಹಾರಿಸಿದ್ದು ಶತ್ರುವಲ್ಲ, ಹೆಂಡತಿ. ಅದೂ ಕತ್ತಿಯಿಂದಲ್ಲ, ಹಾಲಿನ ಪಾತ್ರೆಯಿಂದ. ಉಕ್ಕುವ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಬಂದ ಆಕೆ, ಇಡಲು ಜಾಗ ಹುಡುಕಿ ಹುಡುಕಿ ಕೈ ಸುಟ್ಟುಕೊಂಡು, ಕೊನೆಗೆ ಊಟದ ಮೇಜಿನ ಮೂಲೆಯಲ್ಲಿ ದಬಕ್ಕನೆ ಕುಕ್ಕಿದಳು. ಕಟಕ್ ಎಂದು ಸದ್ದಾಯಿತು.

"ಅಯ್ಯಯ್ಯೋ! ಅಲ್ಲಿ ನನ್ನ ಕಪ್ಪಾ ಗೊಂಬೆ ಇತ್ತು ಕಣೇ!" ಎಂದು ಹಲ್ಲಪ್ಪ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿಬಂದ.

"ಇಲ್ಲಿ ನನ್ನ ಊಟದ ಮೇಜೂ ಇತ್ತು ರೀ. ಕಾಣೆಯಾಗಿ ಏಳು ವರ್ಷ ಆಯ್ತು. ಅದಕ್ಕೆ ಯಾವತ್ತಾದ್ರೂ ಹೀಗೆ ಓಡಿಬಂದಿದ್ದೀರಾ?"

ಹಲ್ಲಪ್ಪ ಎಂಬುದು ಅವನ ಹೆಸರೇನಲ್ಲ. ದಂತವೈದ್ಯರೊಬ್ಬರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು, ಹಲ್ಲಿಲ್ಲದವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕೆಲಸ; ಹಾಗಾಗಿ ಬೀದಿಯವರು ಇಟ್ಟ ಹೆಸರು ಅದು. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದೇ ಒಂದು ದೋಷವೆಂದರೆ ಮಿತಿಮೀರಿದ ಮರ್ಯಾದೆ. ಎದುರಿಗೆ ಬಂದವರು ತಲೆ ಬಾಗಿಸಿದರೆ ಇವನು ಸೊಂಟವನ್ನೇ ಬಾಗಿಸುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ಸಾಕು, ಎದ್ದು ಸೀಟು ಬಿಟ್ಟುಕೊಡುತ್ತಿದ್ದ. ಅವರು ನಕ್ಕಿದ್ದು ಕಿಟಕಿಯಾಚೆ ನಿಂತ ಇನ್ನೊಬ್ಬರಿಗೆ ಎಂದು ಆಮೇಲೆ ಗೊತ್ತಾಗುತ್ತಿತ್ತು.

ಇಂಥವನಿಗೆ ಯುದ್ಧದ ಹುಚ್ಚು. ಮೇಜಿನ ಮೇಲೆ ಆಡುವ ಯುದ್ಧ. ಹೆಬ್ಬೆರಳುದ್ದದ ಗೊಂಬೆಗಳು, ಎರಡು ದಾಳ, ಒಂದು ಅಳತೆಯ ಟೇಪು. ಹಳೇ ಕಾಲದ ಜಪಾನಿನ ಸಮುರಾಯ್‌ಗಳು, ಭರ್ಜಿ ಹಿಡಿದ ಕಾಲಾಳುಗಳು, ಜೊತೆಗೆ ಆ ನಾಡಿನ ಅಜ್ಜಿಕತೆಗಳಲ್ಲಿ ಬರುವ ಭೂತ ಪಿಶಾಚಿಗಳು. ಎದುರಾಳಿಯ ಕೋಟೆಬಾಗಿಲನ್ನು ಮೊದಲು ಮುಟ್ಟಿದವನೇ ಗೆದ್ದವನು. ಗ್ರಂಥಾಲಯದ ಮಹಡಿಯಲ್ಲಿ ಇದಕ್ಕೊಂದು ಸಂಘವಿತ್ತು, ವರ್ಷಕ್ಕೊಂದು ಪಂದ್ಯಾವಳಿ ನಡೆಯುತ್ತಿತ್ತು. ಫೈನಲ್‌ನಲ್ಲಿ ಸೋತವನು ಇಡೀ ವರ್ಷ ಗೆದ್ದವನ ಸೇನೆಗೆ ಬಣ್ಣ ಬಳಿಯಬೇಕು. ಅದು ಸಂಘ ಹುಟ್ಟಿದಾಗಿನಿಂದ ಬಂದ ಪದ್ಧತಿ.

ಏಳು ವರ್ಷವೂ ಫೈನಲ್‌ನಲ್ಲಿ ಸೋತವನು ಹಲ್ಲಪ್ಪ. ಏಳು ವರ್ಷವೂ ಗೆದ್ದವರು ಅವನ ಧಣಿ, ಅದೇ ದಂತವೈದ್ಯರು. ಮೊದಲ ವರ್ಷವೇ ಡಾಕ್ಟರು ಬಹಳ ಉದಾರವಾಗಿ ಹೇಳಿದ್ದರು: "ನಮ್ಮನೇಲಿ ಬೇಡಯ್ಯಾ. ಬಣ್ಣದ ವಾಸನೆ ಬಂದ್ರೆ ನಮ್ಮಾಕೆ ನನ್ನನ್ನೂ ಬ್ರಷ್ಷನ್ನೂ ಒಟ್ಟಿಗೇ ಹೊರಗೆ ಹಾಕ್ತಾಳೆ. ನಿಮ್ಮನೇಲೇ ಆರಾಮಾಗಿ ಬಳ್ಕೊ." ನಿಯಮದ ಪುಸ್ತಕದಲ್ಲಿ ಏನಿದೆಯೆಂದು ಯಾರು ನೋಡಿದರು? ಹಲ್ಲಪ್ಪ ಸೊಂಟ ಬಾಗಿಸಿ, "ತುಂಬಾ ಉಪಕಾರ ಆಯ್ತು ಸಾರ್" ಎಂದುಬಿಟ್ಟಿದ್ದ.

ಅಂದಿನಿಂದ ಡಾಕ್ಟರ ಮುನ್ನೂರು ಸೈನಿಕರು ಹಲ್ಲಪ್ಪನ ಊಟದ ಮೇಜಿನ ಮೇಲೆ ಬೀಡುಬಿಟ್ಟಿದ್ದರು. ಮನೆಯವರೆಲ್ಲ ದಿಕ್ಕಾಪಾಲಾದರು. ಅತ್ತೆ ಇಸ್ತ್ರಿ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಹೆಂಡತಿ ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ. ಹಲ್ಲಪ್ಪ ಬಟ್ಟೆ ಒಗೆಯುವ ಮಿಷನ್ನಿನ ಮೇಲೆ. ಅದು ತಿರುಗುವಾಗ ತುತ್ತು ಬಾಯಿಗೆ ಹೋಗದೆ ಕಿವಿಗೆ ಹೋಗುತ್ತಿತ್ತು. ಇಷ್ಟೆಲ್ಲ ಆಗಿ ಅವನ ಸ್ವಂತ ಸೇನೆ ಮಾತ್ರ ಇನ್ನೂ ಬೂದು ಬಣ್ಣದಲ್ಲೇ ಬೆತ್ತಲೆ ನಿಂತಿತ್ತು. ಬಣ್ಣ ಕಂಡದ್ದು ಒಂದೇ ಗೊಂಬೆ, ಆ ಹಸಿರು ಕಪ್ಪಾ.

"ಕೇಳಿ ರೀ," ಎಂದಳು ಹೆಂಡತಿ, ರುಂಡ ಒಂದು ಕೈಯಲ್ಲಿ ಮುಂಡ ಒಂದು ಕೈಯಲ್ಲಿ ಹಿಡಿದು ನಿಂತ ಗಂಡನಿಗೆ. "ಇವತ್ತು ಗೆದ್ದು ಬಂದ್ರೆ, ಈ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿ, ಮೂರು ತಟ್ಟೆ ಇಟ್ಟು, ಮನುಷ್ಯರ ಹಾಗೆ ಕೂತು ಉಣ್ಣೋಣ. ಸೋತು ಬಂದ್ರೆ ನಿಮ್ಮ ತಟ್ಟೆ ತಗೊಂಡು ಡಾಕ್ಟರ ಮನೆಗೇ ಹೋಗಿಬಿಡಿ. ಅಲ್ಲೇ ಉಣ್ಣಿ."

ಮಾತಿನಲ್ಲಿ ತಮಾಷೆ ಇರಲಿಲ್ಲ.

ಇಸ್ತ್ರಿ ಮೇಜಿನಿಂದ ಅತ್ತೆ ಸಲಹೆ ಎಸೆದರು. "ಅಳಿಯಂದ್ರೇ, ಆ ಕಪ್ಪೆ ಇದೆಯಲ್ಲ..."

"ಕಪ್ಪಾ, ಅತ್ತೆ."

"ಅದೇ. ಅದರದ್ದೊಂದೇ ಅಲ್ವಾ ನಿಮಗೆ ತಾಪತ್ರಯ? ಅದನ್ನ ಬೆನ್ನು ತಿರುಗಿಸಿ ನಿಲ್ಸಿ. ನಮಸ್ಕಾರ ಮಾಡೋಕೆ ಬಂದವರ ಮುಖಾನೇ ನೋಡ್ಬಾರದು. ನಾನು ಮಹಡಿಮನೆಯವಳಿಗೆ ಹಾಗೇ ಮಾಡೋದು. ಹತ್ತು ವರ್ಷದಿಂದ ಒಂದು ಚಮಚ ಸಕ್ಕರೆ ಕೇಳೋಕೂ ಅವಳಿಗೆ ಧೈರ್ಯ ಬಂದಿಲ್ಲ."

ಅತ್ತೆ ಹೇಳಿದ್ದರಲ್ಲಿ ವಿಷಯವಿತ್ತು. ಕಪ್ಪಾ ಎಂದರೆ ಹೊಳೆಯಲ್ಲಿರುವ ಪಿಶಾಚಿ. ನೆತ್ತಿಯ ಮೇಲೊಂದು ಬಟ್ಟಲು, ಬಟ್ಟಲಲ್ಲಿ ನೀರು. ನೀರಿರುವವರೆಗೂ ಅದು ಹತ್ತು ಸಮುರಾಯ್‌ಗಳಿಗೆ ಸಮ. ಆದರೆ ಪಾಪ, ಬಹಳ ಸಭ್ಯ ಪಿಶಾಚಿ. ಯಾರಾದರೂ ಎದುರು ನಿಂತು ತಲೆ ಬಾಗಿಸಿದರೆ ತಾನೂ ಬಾಗಿಸಲೇಬೇಕು. ಬಾಗಿಸಿದರೆ ನೀರು ಚೆಲ್ಲಿಹೋಯಿತು, ಶಕ್ತಿ ಮುಗಿಯಿತು, ಆಮೇಲೆ ಕೋಳಿ ಕುಟುಕಿದರೂ ಸಾಯುತ್ತದೆ. ಡಾಕ್ಟರ ಸೇನೆಯಲ್ಲಿ ಇದಕ್ಕೆಂದೇ ಬಿಳಿಗಡ್ಡದ ಮುದಿ ಸಿಪಾಯಿಯೊಬ್ಬನಿದ್ದ. ಕತ್ತಿಯಿಲ್ಲ, ಗುರಾಣಿಯಿಲ್ಲ. ನಡೆದುಕೊಂಡು ಬರುವುದು, ಕಪ್ಪಾನ ಮುಂದೆ ತಲೆ ಬಾಗಿಸುವುದು. ಸಂಘದಲ್ಲಿ ಅವನಿಗೆ ನಮಸ್ಕಾರದಜ್ಜ ಎಂದೇ ಹೆಸರು. ಏಳು ವರ್ಷವೂ ಹಲ್ಲಪ್ಪನನ್ನು ಸೋಲಿಸಿದವನು ಆ ಅಜ್ಜನೇ.

ಹಾಗಾದರೆ ಬೇರೆ ಪಿಶಾಚಿಯನ್ನು ತರಬಾರದೇ ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದ್ದಳು. "ಪಾಪ, ಅದಕ್ಕೆ ನನ್ನ ಬಿಟ್ರೆ ಯಾರಿದ್ದಾರೆ?" ಎಂದಿದ್ದ ಹಲ್ಲಪ್ಪ.

ಹತ್ತು ಗಂಟೆಗೆ ಅವನು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಪ್ಪಾನ ತಲೆ ಕೂರಿಸುತ್ತಿದ್ದ. ಹಲ್ಲಿನ ಸೆಟ್ಟಿಗೆ ವಸಡು ಮಾಡುವ ಗುಲಾಬಿ ಪುಡಿಯನ್ನು ದ್ರಾವಣದಲ್ಲಿ ಕಲಸಿ, ಕುತ್ತಿಗೆಗೆ ಮೆತ್ತಿ, ತಲೆ ಒತ್ತಿ ಹಿಡಿದ. ಗಟ್ಟಿಯಾಗುವವರೆಗೆ ನೀರಲ್ಲಿರಲಿ ಎಂದು ನೀಲಿ ಡಬ್ಬಿಯೊಂದರಲ್ಲಿ ಹಾಕಿ ಮುಚ್ಚಿದ. ಆ ಆಸ್ಪತ್ರೆಯಲ್ಲಿ ಸೆಟ್ಟುಗಳನ್ನು ಕೊಡುವುದೂ ಅಂಥದೇ ನೀಲಿ ಡಬ್ಬಿಯಲ್ಲಿ. ಪ್ರತಿ ಡಬ್ಬಿಯ ಮೇಲೂ ಹೆಸರಿನ ಚೀಟಿ ಇರುತ್ತಿತ್ತು. ಅಂದು ತಟ್ಟೆಯಲ್ಲಿ ಹೆಸರಿಲ್ಲದ ಡಬ್ಬಿ ಒಂದಿತ್ತು. ಈಗ ಎರಡಾದವು.

ಮೊದಲನೆಯದಕ್ಕೆ ಹೆಸರಿರಲಿಲ್ಲ, ಏಕೆಂದರೆ ಅದು ರೂಲ್‌ಬುಕ್ ಮೇಷ್ಟ್ರ ಹಲ್ಲು. ನಿವೃತ್ತ ಡ್ರಿಲ್ ಮೇಷ್ಟ್ರು, ಸಂಘದ ಖಾಯಂ ಅಂಪೈರ್, ನಿಯಮದ ಪುಸ್ತಕ ಬರೆದವರೂ ಅವರೇ. ಎಪ್ಪತ್ತೆರಡರಲ್ಲೂ ಮೂವತ್ತೆರಡು ಹಲ್ಲಿನಿಂದ ನಗುವ ಮನುಷ್ಯ ಎಂದು ಅವರ ಖ್ಯಾತಿ. ಅವೆಲ್ಲ ಕಟ್ಟಿಸಿದ ಹಲ್ಲು ಎಂಬುದನ್ನು ಬಲ್ಲವರು ಡಾಕ್ಟರು ಮತ್ತು ಹಲ್ಲಪ್ಪ ಇಬ್ಬರೇ. ಹಳೇ ಸೆಟ್ಟು ಸಡಿಲವಾಯಿತೆಂದು ಅದನ್ನು ಅಳತೆಗೆ ಕೊಟ್ಟು, ಮೂರು ದಿನದಿಂದ ಮೇಷ್ಟ್ರು ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅಸಲಿಯ ಹಾಗೆ ಕಾಣಲಿ ಎಂದು ಹಲ್ಲಪ್ಪ ಬಲಗಡೆಯ ಕೋರೆಹಲ್ಲನ್ನು ಬೇಕೆಂದೇ ಚೂರು ಸೊಟ್ಟ ಮಾಡಿದ್ದ. ಅವನಿಗೆ ಬಹಳ ಮೆಚ್ಚಿನ ಸೆಟ್ಟು ಅದು.

ಅಷ್ಟರಲ್ಲಿ ಮುಂದಿನ ಕೌಂಟರಿನಲ್ಲಿ ಟೋಕನ್ ಕೊಡುವ ಅಕ್ಕ ಒಳಗೆ ಬಂದಳು. ಸಲಹೆ ಕೊಡಲು ಅವಳಿಗೂ ಟೋಕನ್ ಬೇಕಿರಲಿಲ್ಲ.

"ಅಣ್ಣಾ, ಇವತ್ತು ಮುನ್ನುಗ್ಗಲೇಬೇಡಿ. ಕಾಯಿಸಿ. ನಾನು ದಿನಾ ನೋಡ್ತೀನಲ್ಲ, ಕುಯ್ಯೋ ಮುರ್ರೋ ಅಂತ ಬಂದೋರನ್ನ ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ್ರೆ, ನೋವೇ ಹೋಯ್ತು ಅಂತ ಅರ್ಧ ಜನ ಎದ್ದು ಮನೆಗೆ ಹೋಗ್ತಾರೆ."

"ಆಗಲಿ ಅಕ್ಕಾ," ಎಂದ ಹಲ್ಲಪ್ಪ. ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಬಳಿ ಸಿಕ್ಕ ಬಸ್ ಡ್ರೈವರೊಬ್ಬ, "ಮಧ್ಯದಲ್ಲಿ ನುಗ್ಗಿಸು ಗುರುವೇ, ಅವರೇ ಸರೀತಾರೆ" ಎಂದಾಗಲೂ ಅವನು ಆಗಲಿ ಎಂದೇ ಹೇಳಿದ್ದ. ಬೆನ್ನು ತಿರುಗಿಸಿ, ಕಾಯಿಸಿ, ಮಧ್ಯದಲ್ಲಿ ನುಗ್ಗಿಸುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಅವನು ಕೈತೊಳೆಯಲು ಹೋಗಿದ್ದಾಗ, ಮಫ್ಲರು ಸುತ್ತಿ ಕಪ್ಪು ಕನ್ನಡಕ ಹಾಕಿದ ಯಾರೋ ಕೌಂಟರಿನ ಮುಂದೆ ನಿಂತು ಬರೀ ಕೈ ಚಾಚಿದರು. ಹೆಸರಿಲ್ಲದ ಡಬ್ಬಿಗೆ ಒಬ್ಬರು ಬರುತ್ತಾರೆ, ಏನೂ ಕೇಳದೆ ಕೊಟ್ಟುಬಿಡು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಟೋಕನ್ ಅಕ್ಕ ತಟ್ಟೆಯಿಂದ ಕೈಗೆ ಸಿಕ್ಕ ಡಬ್ಬಿ ತೆಗೆದುಕೊಟ್ಟಳು. ಮಫ್ಲರು ಅದನ್ನು ಕಂಕುಳಲ್ಲಿಟ್ಟುಕೊಂಡು ಮಾಯವಾಯಿತು. ಉಳಿದ ಡಬ್ಬಿಯನ್ನು ಹಲ್ಲಪ್ಪ ಚೀಲಕ್ಕೆ ಹಾಕಿಕೊಂಡ.

ನಾಲ್ಕು ಗಂಟೆಗೆ ಗ್ರಂಥಾಲಯದ ಮಹಡಿ ತುಂಬಿತ್ತು. ನಡುವೆ ಮೇಜು, ಮೇಜಿನ ಮೇಲೆ ರಟ್ಟಿನ ಬೆಟ್ಟ, ಗಾಜಿನ ಹೊಳೆ, ಎರಡು ತುದಿಗೆ ಎರಡು ಕೋಟೆ. ಒಂದು ಕಡೆ ಡಾಕ್ಟರ ಸೇನೆ ಬಣ್ಣಬಣ್ಣವಾಗಿ ಮಿಂಚುತ್ತಿತ್ತು. ಇನ್ನೊಂದು ಕಡೆ ಹಲ್ಲಪ್ಪನ ಸೇನೆ ಮಳೆಗಾಲದ ಮೋಡದ ಹಾಗೆ ಬೂದು ಬೂದಾಗಿತ್ತು. ಮುಂದಿನ ಸಾಲಿನಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ಟೋಕನ್ ಅಕ್ಕ. ಎತ್ತರದ ಕುರ್ಚಿಯ ಮೇಲೆ ರೂಲ್‌ಬುಕ್ ಮೇಷ್ಟ್ರು. ಯಾವತ್ತೂ ಆಟಕ್ಕೆ ಮುಂಚೆ ಅರ್ಧ ಗಂಟೆ ಭಾಷಣ ಬಿಗಿಯುವ ಅವರು ಇಂದು ತುಟಿ ಬಿಗಿದು, ಕೆನ್ನೆ ಒಳಗೆ ಎಳೆದುಕೊಂಡು, ಬರೀ ಕೈಸನ್ನೆ ಮಾಡಿ ಆಟ ಶುರು ಮಾಡಿಸಿದರು. ಇವತ್ತು ಬಹಳ ಗಂಭೀರವಾಗಿದ್ದಾರೆ ಎಂದು ಜನ ಪಿಸುಗುಟ್ಟಿದರು.

"ಎಲ್ಲಯ್ಯಾ ನಿನ್ನ ಪಿಶಾಚಿ?" ಎಂದರು ಡಾಕ್ಟರು, ನಮಸ್ಕಾರದಜ್ಜನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾ. "ನಮ್ಮಜ್ಜ ಕಾಯ್ತಿದ್ದಾನೆ. ಬೆನ್ನು ಬೇರೆ ನೋವಂತೆ, ಬೇಗ ಮುಗಿಸೋಣ."

ಹಲ್ಲಪ್ಪ ಡಬ್ಬಿ ತೆರೆದ. ಮುಚ್ಚಿದ. ಕಣ್ಣುಜ್ಜಿಕೊಂಡು ಮತ್ತೆ ತೆರೆದ. ಒಳಗಿಂದ ಎರಡು ಸಾಲು ಹಲ್ಲು ಅವನನ್ನು ನೋಡಿ ನಗುತ್ತಿತ್ತು. ಬಲಗಡೆಯ ಕೋರೆ ಚೂರು ಸೊಟ್ಟ.

ಅವನು ನಿಧಾನಕ್ಕೆ ತಲೆಯೆತ್ತಿ ಅಂಪೈರ್ ಕುರ್ಚಿಯ ಕಡೆ ನೋಡಿದ. ಮೇಷ್ಟ್ರ ಜೇಬು ಉಬ್ಬಿತ್ತು. ಜೇಬಿನಿಂದ ನೀಲಿ ಡಬ್ಬಿಯೊಂದು ಇಣುಕುತ್ತಿತ್ತು. ಮೇಷ್ಟ್ರ ಕಣ್ಣಿನಲ್ಲಿ ಕೆಂಡವಿತ್ತು.

ದೊಡ್ಡ ಪಿಶಾಚಿಯಿಲ್ಲದೆ ಆಟಕ್ಕಿಳಿದರೆ ಆಡುವ ಮುಂಚೆಯೇ ಸೋತ ಹಾಗೆ. ಮೇಷ್ಟ್ರನ್ನು ಕಪ್ಪಾ ಕೊಡಿ ಎಂದು ಕೇಳಿದರೆ ಇಡೀ ಸಂಘದ ಮುಂದೆ ಅವರ ಮಾನ ಹೋದ ಹಾಗೆ. ಕಣ್ಣ ಮುಂದೆ ಹೆಂಡತಿ, ಹೊಸ ಮೇಜಿನ ಬಟ್ಟೆ, ಮೂರು ತಟ್ಟೆ ಬಂದು ನಿಂತವು. ಅವನು ಕಣ್ಣು ಮುಚ್ಚಿ, ಹಲ್ಲಿನ ಸೆಟ್ಟನ್ನು ಎತ್ತಿ, ಒಂದರ ಮೇಲೊಂದು ಜೋಡಿಸಿ, ಹೊಳೆಯ ದಡದಲ್ಲಿ ಇಟ್ಟೇಬಿಟ್ಟ.

"ಕಪ್ಪಾ ಮುರಿದುಹೋಯ್ತು ಸಾರ್. ಇದು... ಇದು ಬದಲಿ ಆಳು."

ಮಹಡಿಯೇ ಹಾರಿಹೋಗುವಷ್ಟು ನಗು ಎದ್ದಿತು. ಡಾಕ್ಟರು ಕುರ್ಚಿಯಿಂದ ಎದ್ದರು. "ಏನಯ್ಯಾ ಇದು, ಹುಡುಗಾಟವಾ? ಯಾರ ಹಲ್ಲಿದು?" ಎಂದು ಬಗ್ಗಿ ನೋಡಿದರು. ಸೊಟ್ಟ ಕೋರೆ ಕಂಡಿತು. ಡಾಕ್ಟರು ಮೇಷ್ಟ್ರನ್ನು ನೋಡಿದರು, ಮೇಷ್ಟ್ರು ಸೂರನ್ನು ನೋಡಿದರು. ಯಾರಿಗೂ ಹೇಳುವುದಿಲ್ಲವೆಂದು ಡಾಕ್ಟರು ಮಾತು ಕೊಟ್ಟಿದ್ದರಲ್ಲ! "ಯಾರದ್ದಾದ್ರೂ ಆಗ್ಲಿ," ಎಂದು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ, ಇದು ನಡೆಯುತ್ತಾ? ನೀವೇ ಹೇಳಿ."

ಇಲ್ಲಿ ಸಂಘದ ಇನ್ನೊಂದು ನಿಯಮ ಹೇಳಬೇಕು. ಅಂಪೈರ್ ಸರಿ ಎನ್ನಲು ತಲೆಯಾಡಿಸಿದರೆ ಸಾಕು. ಬೇಡ ಎನ್ನಬೇಕಾದರೆ ಎದ್ದು ನಿಂತು, ಯಾವ ನಿಯಮ, ಎಷ್ಟನೇ ಪುಟ ಎಂದು ಬಾಯಿಬಿಟ್ಟು ಹೇಳಬೇಕು. ಒಮ್ಮೆ ಕೊಟ್ಟ ತೀರ್ಪು ಬದಲಾಗುವಂತಿಲ್ಲ. ಇದನ್ನು ಬರೆದವರೂ ರೂಲ್‌ಬುಕ್ ಮೇಷ್ಟ್ರೇ. ಆಗ ಅವರಿಗೆ ಸ್ವಂತ ಹಲ್ಲಿತ್ತು.

ಮೇಷ್ಟ್ರು ಎದ್ದು ನಿಂತರು. ಬಾಯಿ ಮಾತ್ರ ತೆರೆಯಲಿಲ್ಲ. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು, ತಮ್ಮ ಹಲ್ಲನ್ನೇ ದಿಟ್ಟಿಸುತ್ತಾ, ನಿಧಾನವಾಗಿ ತಲೆಯಾಡಿಸಿದರು.

"ಆಗಲಿ," ಎಂದರು ಡಾಕ್ಟರು ಹಲ್ಲು ಕಡಿಯುತ್ತಾ. "ಬದಲಿ ಆಳಾದ್ರೂ ಕಪ್ಪಾನ ನಿಯಮವೇ ಅಲ್ವಾ?" ನಮಸ್ಕಾರದಜ್ಜ ಸರಸರ ನಡೆದುಬಂದು ಹಲ್ಲಿನ ಎದುರು ನಿಂತ. ಡಾಕ್ಟರು ಎರಡು ಬೆರಳಲ್ಲಿ ಅವನನ್ನು ಬಾಗಿಸಿದರು. "ನಮಸ್ಕಾರ! ಈಗ ನಿಂದು ಬಾಗಲಿ."

ಹಲ್ಲಪ್ಪನ ಕೈ ತಾನಾಗೇ ಹಲ್ಲಿನ ಕಡೆ ಹೋಯಿತು. ಮರ್ಯಾದಸ್ಥ ಮನುಷ್ಯ, ನಮಸ್ಕಾರ ಕೇಳಿಸಿದ್ದೇ ತಡ, ಅವನ ಸೊಂಟವೂ ಅರ್ಧ ಬಾಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅತ್ತೆಯ ದನಿ ಗುಡುಗಿತು.

"ನೆಟ್ಟಗೆ ನಿಲ್ಲಿ ಅಳಿಯಂದ್ರೇ! ಅಲ್ಲಾ ಮೇಷ್ಟ್ರೇ, ಬರೀ ಹಲ್ಲದು. ತಲೇನೇ ಇಲ್ಲದ್ದು ತಲೆ ಬಗ್ಗಿಸೋಕಾಗಲ್ಲ, ಹೌದೋ ಅಲ್ವೋ?"

ಜನರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಅಲ್ಲ ಎನ್ನಲು ಬಾಯಿಲ್ಲ. ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಆಮೇಲೆ ನಡೆದದ್ದು ಯುದ್ಧವಲ್ಲ, ಊಟ. ಚೆಲ್ಲುವ ನೀರಿಲ್ಲ, ಬಾಗುವ ತಲೆಯಿಲ್ಲ. ಕಟಕಟ ಎಂದು ಹಲ್ಲು ಮುನ್ನಡೆಯಿತು. ಮೊದಲು ನಮಸ್ಕಾರದಜ್ಜ ಹೋದ. ಆ ಗಡ್ಡದ ಒಂದೊಂದು ಕೂದಲನ್ನೂ ಹಲ್ಲಪ್ಪನೇ ಬರೆದಿದ್ದ, ನಾಲ್ಕು ಸಂಜೆ ಹಿಡಿದಿತ್ತು. ಆಮೇಲೆ ಭರ್ಜಿಯವರ ಸಾಲು. ಒಬ್ಬೊಬ್ಬರು ಬಿದ್ದಾಗಲೂ ಅವನು "ಕ್ಷಮಿಸಪ್ಪಾ, ಕ್ಷಮಿಸಪ್ಪಾ" ಎನ್ನುತ್ತಾ ಎತ್ತಿ ಪಕ್ಕಕ್ಕೆ ಮಲಗಿಸಿದ. ಬಸ್ ಡ್ರೈವರ್ ಹೇಳಿದ ಹಾಗೆ ಮಧ್ಯದಲ್ಲೇ ನುಗ್ಗಿಸಿದ, ಅವರೇ ಸರಿದರು. ಐದೂವರೆಗೆ ರೂಲ್‌ಬುಕ್ ಮೇಷ್ಟ್ರ ಕೋರೆಹಲ್ಲು ಡಾಕ್ಟರ ಕೋಟೆಬಾಗಿಲನ್ನು ಮುಟ್ಟಿತು.

ಜನ ಕೇಕೆ ಹಾಕಿದರು. ಅತ್ತೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, "ನಮ್ಮಳಿಯ!" ಎಂದರು. ಏಳು ವರ್ಷದಲ್ಲಿ ಮೊದಲ ಸಲ ಅವರು ಆ ಮಾತನ್ನು ನಿಟ್ಟುಸಿರಿಲ್ಲದೆ ಹೇಳಿದ್ದು. ಹಲ್ಲಪ್ಪನಿಗೆ ಅಳು ಬಂತು. ಟೋಕನ್ ಅಕ್ಕ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, "ಮೇಜು ಒರೆಸಿಬಿಡಿ ಅತ್ತಿಗೆ, ಅಣ್ಣ ಗೆದ್ರು!" ಎಂದು ಕೂಗಿದಳು.

ಆಟ ಮುಗಿದ ಮೇಲೆ ಆ ಹಲ್ಲನ್ನು ಅವನು ಹಾಗೇ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಹಲ್ಲಪ್ಪನ ಮರ್ಯಾದೆ ಬಿಡಬೇಕಲ್ಲ. ಹಲ್ಲನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಶುಭ್ರ ಕರವಸ್ತ್ರದಲ್ಲಿ ಸುತ್ತಿ, ಮೇಷ್ಟ್ರನ್ನು ಕೈತೊಳೆಯುವ ಕೋಣೆಗೆ ಕರೆದು, ಯಾರೂ ನೋಡದ ಹಾಗೆ ಒಪ್ಪಿಸಿದ. ಮೇಷ್ಟ್ರು ಜೇಬಿನ ಡಬ್ಬಿ ಕೊಟ್ಟರು. ಒಳಗೆ ಕಪ್ಪಾ, ಗುಲಾಬಿ ಕುತ್ತಿಗೆಯ ಮೇಲೆ ತಲೆ ಗಟ್ಟಿಯಾಗಿ, ತಣ್ಣಗೆ ಈಜುತ್ತಿತ್ತು.

ಎರಡು ನಿಮಿಷದ ಮೇಲೆ ಮೇಷ್ಟ್ರು ಸಭೆಗೆ ಮರಳಿದರು. ಮೂವತ್ತೆರಡು ಹಲ್ಲನ್ನೂ ತೋರಿಸಿ ನಕ್ಕರು. ಮೂರು ದಿನ ಕಟ್ಟಿಟ್ಟಿದ್ದ ಮಾತು ಧುಮ್ಮಿಕ್ಕಿ ಬಂತು.

"ಕೂತ್ಕೊಳ್ಳಿ ಎಲ್ರೂ! ನಿಯಮ ಹದಿನೇಳು, ಪುಟ ನಲವತ್ತು. ಸೋತವನು ಒಂದು ವರ್ಷ ಕಾಲ, ಪ್ರತಿ ಸಂಜೆ, ಗೆದ್ದವನ ಮನೆಗೆ ಹೋಗಿ, ಗೆದ್ದವನ ಮೇಜಿನ ಮುಂದೆ ಕೂತು, ಗೆದ್ದವನ ಸೇನೆಗೆ ಬಣ್ಣ ಬಳಿಯತಕ್ಕದ್ದು. ಏಳು ವರ್ಷದಿಂದ ಈ ಡಾಕ್ಟರು ಇದನ್ನ ಗಾಳಿಗೆ ತೂರಿದ್ರು. ಆಗ ಸುಮ್ನಿದ್ದೆ. ಇವತ್ತಿನಿಂದ ನಿಯಮ ಅಂದ್ರೆ ನಿಯಮ! ಗೆದ್ದವರು ಬೇಡ ಅಂದ್ರೆ ಮಾತ್ರ ವಿನಾಯಿತಿ."

ಹಲ್ಲಪ್ಪ ಬೇಡ ಎನ್ನಲು ಬಾಯಿ ತೆರೆದ. ಆದರೆ ಡಾಕ್ಟರ ಮುಖ ಹುಣ್ಣಿಮೆಯಾಗಿತ್ತು. ಬಣ್ಣ ಬಳಿಯಬೇಕೆಂಬ ಅವರ ಏಳು ವರ್ಷದ ಆಸೆಗೆ ತಮ್ಮ ಹೆಂಡತಿಯಿಲ್ಲದ ಮನೆಯೊಂದು ಸಿಕ್ಕಿತ್ತು. ಅವರು ಮೇಜು ಸುತ್ತಿಕೊಂಡು ಬಂದು ಹಲ್ಲಪ್ಪನ ಎದುರು ನಿಂತರು. ನಿಂತು, ಬಹಳ ವಿನಯದಿಂದ, ತಲೆ ಬಾಗಿಸಿದರು.

"ಬರ್ಲೇನಪ್ಪಾ?"

"ಬೆನ್ನು ತಿರುಗಿಸಿ ಅಳಿಯಂದ್ರೇ! ಬೆನ್ನು ತಿರುಗಿಸಿ!" ಎಂದು ಅತ್ತೆ ಚೀರಿದರು.

ತಡವಾಗಿತ್ತು. ಹಲ್ಲಪ್ಪನ ಸೊಂಟ ಬಾಗಿಯಾಗಿತ್ತು. "ಬನ್ನಿ ಸಾರ್, ಬನ್ನಿ, ಅದಕ್ಕೇನಂತೆ."

ಮನೆಯಲ್ಲಿ ಹೆಂಡತಿ ಡಾಕ್ಟರ ಉಳಿದ ಸೈನಿಕರ ಡಬ್ಬಗಳನ್ನೆಲ್ಲ ವರಾಂಡಕ್ಕೆ ದಬ್ಬಿ, ಮೇಜನ್ನು ಫಳಫಳ ಒರೆಸಿ, ಹಳದಿ ಹೂವಿನ ಹೊಸ ಬಟ್ಟೆ ಹಾಸಿ, ಮೂರು ತಟ್ಟೆ ಇಟ್ಟು, ಬಾಗಿಲಲ್ಲೇ ಕಾಯುತ್ತಿದ್ದಳು. ಗಂಡ ಬಂದ. ಹಿಂದೆ ಅತ್ತೆ ಬಂದರು. ಅವರ ಹಿಂದೆ ಬ್ರಷ್ಷಿನ ಪೆಟ್ಟಿಗೆ, ಮೇಜಿನ ದೀಪ, ಬೂದು ಸೇನೆಯ ಚೀಲ ಹೊತ್ತು ಡಾಕ್ಟರು ಬಂದರು. ಗೆದ್ದ ಮನುಷ್ಯ ಹೆಂಡತಿಯ ಮುಖ ನೋಡಲಾರದೆ ತನ್ನ ತಟ್ಟೆ ಎತ್ತಿಕೊಂಡು ಸೀದಾ ಬಟ್ಟೆ ಒಗೆಯುವ ಮಿಷನ್ನಿನ ಕಡೆ ನಡೆದ.

ಆಕೆ ಅನ್ನದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಒಳಗಿಂದ ಬರುವಷ್ಟರಲ್ಲಿ, ಡಾಕ್ಟರು ಹೊಸ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, ದೀಪ ಹಚ್ಚಿ, ಮೊದಲ ಸಿಪಾಯಿಯ ಮೂಗಿಗೆ ಬಣ್ಣ ಮುಟ್ಟಿಸುತ್ತಿದ್ದರು.

"ಅಮ್ಮಾ ತಾಯಿ," ಎಂದರು ತಲೆಯೆತ್ತದೆ, "ಬಿಸಿ ಪಾತ್ರೆ ಇಲ್ಲಿ ಇಡಬೇಡಿ. ಆಮೇಲೆ, ನನ್ನ ತಟ್ಟೆ ಆ ಇಸ್ತ್ರಿ ಮೇಜಿನ ಮೇಲೆ ಇಟ್ರೂ ನಡೆಯುತ್ತೆ."